ಹೀರೆಬಳ್ಳಿಯ ಮೊದಲ ಕಾಯಿ

ತಾಯಂದಿರು ಮಕ್ಕಳ ಜೊತೆ ಸೇರಿ ಬೆಳೆಸುವ ಕೈತೋಟಗಳಿಗೆ ಹಣ ಕೊಡುವ ಟ್ರಸ್ಟಿನಿಂದ ಮೇಡಂ ಒಬ್ಬರು ತೋಟ ನೋಡಲು ಬಂದಿದ್ದರು. ಹೋದ ವರ್ಷ ಬರೀ ಜಲ್ಲಿ ತುಂಬಿದ್ದ ಅಂಗಳದಲ್ಲಿ ಈಗ ಬದನೆ, ಬೆಂಡೆ ಎದ್ದು ನಿಂತಿದ್ದವು. ಗೋಡೆಯ ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳು ಹೀರೆಬಳ್ಳಿಗೆ ಚೊಂಬಿನಿಂದ ನೀರು ಹಾಕುತ್ತಿದ್ದಳು. ಅವಳ ತಾಯಿ ಅಲ್ಲೇ ಕೂತು ಕಳೆ ಕೀಳುತ್ತಿದ್ದಳು.

“ಇದನ್ನ ನೀನೇ ನೆಟ್ಟಿದ್ದಾ ಪುಟ್ಟಿ?”

“ನಾನು, ಅಮ್ಮ, ಇಬ್ರೂ.”

“ಹೂ ಬಿಟ್ಟಿದೆ ನೋಡು. ಇನ್ನೊಂದು ವಾರಕ್ಕೆ ಕಾಯಿ ಬರುತ್ತೆ. ಮೊದಲನೇ ಕಾಯಿ ಯಾರಿಗೆ?”

“ಅಮ್ಮಂಗೆ. ನಂಗೆ ಸೋಮವಾರ ಆರು ತುಂಬುತ್ತೆ.”

“ಹೌದಾ? ಹಾಗಾದ್ರೆ ಸೋಮವಾರ ನಾನೇ ಕೇಕ್ ತರ್ತೀನಿ. ಇಲ್ಲೇ ಬಳ್ಳಿ ಹತ್ರ ಕತ್ತರಿಸೋಣ.” ಮೇಡಂ ತಾಯಿಯತ್ತ ತಿರುಗಿದರು. “ಮುಂದಿನ ವರ್ಷಕ್ಕೂ ಹಣ ಮಂಜೂರಾಗಿದೆ ಕಣಮ್ಮ. ಆಗ ನೀವಿಬ್ರೂ ಏನು ಬೆಳೀತೀರಿ?”

ತಾಯಿ ತಲೆ ತಗ್ಗಿಸಿ ಇನ್ನೊಂದು ಕಳೆ ಕಿತ್ತಳು. ಹುಡುಗಿ ಚೊಂಬನ್ನು ಕೆಳಗಿಟ್ಟು ಬಂದು, ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಕೇಕ್ ಅಂದ ತಕ್ಷಣ ನಾಚ್ಕೆ ಬಂತಾ?” ಎಂದು ಮೇಡಂ ನಕ್ಕರು.

ತಾಯಿಯ ಕೈತುಂಬ ಮಣ್ಣಿತ್ತು. ಮಗಳ ಹೊಸ ಫ್ರಾಕಿಗೆ ಮಣ್ಣು ತಾಗದ ಹಾಗೆ ಅವಳನ್ನು ಮೊಣಕೈಯಿಂದಲೇ ಒತ್ತಿ ಹಿಡಿದುಕೊಂಡಳು.

“ಕೇಕ್ ಭಾನುವಾರಾನೇ ತನ್ನಿ ಮೇಡಂ,” ಎಂದಳು. “ಆರು ತುಂಬಿದ ಮಕ್ಕಳನ್ನ ಜೈಲಲ್ಲಿ ತಾಯಿ ಜೊತೆ ಬಿಡಲ್ಲ.”