ಜಾಗ ಸಾಲದ ಹೆಸರು

ಡೊಂಬಿವಲಿಯ ಕರಾವಳಿಯವರ ಸಂಘದ ಕಚೇರಿಗೆ ಚಪ್ಪಲಿ ಬಿಡುವುದನ್ನೂ ಮರೆತು ನುಗ್ಗಿದ ನಳಿನಾಕ್ಷಿ, ಕೈಯಲ್ಲಿದ್ದ ಫೋನನ್ನು ಕಂಪ್ಯೂಟರ್ ಕೆಲಸದ ಹುಡುಗ ಯತಿನ್‌ನ ಮೂಗಿನ ಮುಂದೆ ಹಿಡಿದಳು. "ಇದ್ರಲ್ಲಿ ನಾನು ಎಲ್ಲಿದ್ದೇನೆ? ತೋರ್ಸು ನೋಡುವ!"

ಫೋನಿನಲ್ಲಿದ್ದದ್ದು ಸಂಘದ ವಧೂವರರ ವೆಬ್‌ಸೈಟು. ಇಷ್ಟು ವರ್ಷ ಅದನ್ನು ನೋಡಬೇಕಾದರೆ ಕಂಪ್ಯೂಟರಿನ ಮುಂದೆಯೇ ಕೂರಬೇಕಿತ್ತು. ಹೋದ ತಿಂಗಳು ಯತಿನ್ ಅದನ್ನು ಮೊಬೈಲಿಗೆ ಹೊಂದಿಸಿಕೊಟ್ಟಿದ್ದ. ಸಂಘದವರು ಶಾಲು ಹೊದಿಸಿ ಬೆನ್ನು ತಟ್ಟಿದ್ದರು. ನಳಿನಾಕ್ಷಿಯ ಮಗಳು ಅನುಷ್ಕಾಳ ಫೋಟೋದ ಕೆಳಗೆ ಈಗ ಐದೇ ಸಾಲು: ಹೆಸರು, ವಯಸ್ಸು, ಕೆಲಸ, ಕುಲ ಹೇಳುವ ಬಳಿ, ತಂದೆ. ತಂದೆಯ ಹೆಸರಿನ ಪಕ್ಕದಲ್ಲಿ ಅವನ ನಂಬರು.

"ಆಂಟಿ, ಸ್ಕ್ರೀನ್ ಛೋಟಾ ಹೈ ನಾ," ಯತಿನ್ ತಡವರಿಸಿದ. "ಕಂಪ್ಯೂಟರಲ್ಲಿ ಹದಿನಾರು ಲೈನ್ ಇತ್ತು. ಮೊಬೈಲಲ್ಲಿ ಅಷ್ಟು ಹಿಡಿಯಲ್ಲ. ಇಂಪಾರ್ಟೆಂಟ್ ಇದ್ದದ್ದು ಮಾತ್ರ ಇಟ್ಟೆ."

"ಹಾಗಾದ್ರೆ ಅಮ್ಮ ಇಂಪಾರ್ಟೆಂಟ್ ಅಲ್ಲ! ಬಳಿ ಇಟ್ಟಿದ್ದೀಯಲ್ಲ, ಅದು ಯಾರದ್ದು? ಅವಳ ಅಪ್ಪನದ್ದಾ?"

ಯತಿನ್ ಪಕ್ಕದಲ್ಲಿದ್ದ ಸಂಘದ ಕಾರ್ಯದರ್ಶಿ ತಾರಾನಾಥನ ಮುಖ ನೋಡಿದ. ತಮ್ಮ ಜನರಲ್ಲಿ ಬಳಿ ಬರುವುದು ತಾಯಿಯಿಂದ ಎಂದು ಇಲ್ಲೇ ಹುಟ್ಟಿ ಬೆಳೆದ ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಹಿರಿಯರು ಶಾಲು ಹೊದಿಸುವ ಗಡಿಬಿಡಿಯಲ್ಲಿದ್ದರು.

ಅವಳು ಸುಮ್ಮನೆ ಜಗಳಕ್ಕೆ ಬಂದವಳಲ್ಲ. ಮಗಳಿಗೆ ಆರು ತುಂಬುವ ಮೊದಲೇ ಗಂಡ ರಮಾಕಾಂತ ಇಬ್ಬರನ್ನೂ ಬಿಟ್ಟು ಕಲ್ಯಾಣದಲ್ಲಿ ಬೇರೆ ಸಂಸಾರ ಹೂಡಿದ್ದ. ಒಲೆಯ ಮುಂದೆ ನಿಂತು, ರಬಾಳೆಯ ಕಾರ್ಖಾನೆಗಳಿಗೆ ಊಟ ಕಳಿಸಿ ಮಗಳನ್ನು ಓದಿಸಿದವಳು ನಳಿನಾಕ್ಷಿ. ಈ ಭಾನುವಾರ ಸೀವುಡ್ಸ್‌ನಿಂದ ಹುಡುಗನ ಕಡೆಯವರು ಬರುವುದಿತ್ತು. ಅದಕ್ಕೆ ಮೊದಲು, ಮೊಬೈಲಿನಲ್ಲಿ ಕಂಡ ನಂಬರಿಗೆ ಅವರು ಒಂದು ಫೋನು ಮಾಡಿದರು. 'ನನಗೆ ಅಂಥ ಮಗಳೇ ಇಲ್ಲ' ಎಂದನಂತೆ ಮಹಾಶಯ. ಸಂಬಂಧ ಅಲ್ಲಿಗೇ ಮುರಿದುಬಿತ್ತು.

"ಆ ನಂಬ್ರ ಹಾಕಿದ್ದು ಯಾರು?"

"ನಾನೇ ನಳಿನಕ್ಕ." ತಾರಾನಾಥ ಕನ್ನಡಕ ತೆಗೆದು ಒರೆಸತೊಡಗಿದ. "ಮೊಬೈಲಿಗೆ ತರುವಾಗ ಮನೆಯವರ ನಂಬ್ರ ಒಂದು ಬೇಕೇ ಬೇಕು ಅಂದ ಇವ. ಸಂಘದ ಹಳೇ ಪುಸ್ತಕದಲ್ಲಿ ರಮಾಕಾಂತಂದು ಸಿಕ್ಕಿತು, ಹಾಕಿದೆ. ಆದದ್ದು ಆಯ್ತು ಮಾರಾಯ್ರೆ, ಈಗ್ಲೇ ಸರಿ ಮಾಡುವ."

ಯತಿನ್ ಸರಸರನೆ ತಂದೆಯ ಸಾಲು ಅಳಿಸಿ ತಾಯಿಯ ಹೆಸರು, ನಂಬರು ತುಂಬಿದ. ಸೇವ್ ಒತ್ತಿದವನ ಮುಖ ಸಣ್ಣದಾಯಿತು. "ಆಂಟಿ, ಓಟಿಪಿ ಅಂಕಲ್ ನಂಬರಿಗೆ ಹೋಯ್ತು. ಅವರು ಹೇಳಿದ್ರೇ ಚೇಂಜ್ ಆಗೋದು. ಕಮಿಟಿಯವರೇ ಹಾಗೆ ಇಡಕ್ಕೆ ಹೇಳಿದ್ದು."

ನಳಿನಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಹೆತ್ತು ಸಾಕಿದ ಮಗಳ ಪಕ್ಕದಲ್ಲಿ ತನ್ನ ಹೆಸರು ಬರಲು ಅವನ ಅಪ್ಪಣೆ! "ಬೇಡ, ಅಳಿಸಿಬಿಡಿ ಎಲ್ಲ" ಎನ್ನುವಷ್ಟರಲ್ಲಿ ತಾರಾನಾಥ ಫೋನು ಕಿವಿಗಿಟ್ಟಾಗಿತ್ತು. "ರಮಾಕಾಂತಾ, ಸಂಘದಿಂದ. ನಿನಗೆ ಈಗೊಂದು ಮೆಸೇಜ್ ಬಂತಲ್ಲ, ಅದ್ರಲ್ಲಿ ನಾಲ್ಕು ಅಂಕೆ ಉಂಟು, ಹೇಳು." ಆ ಕಡೆಯಿಂದ ಅಂಕೆಗಳು ಪಟಪಟನೆ ಬಂದವು. ಯತಿನ್ ಒತ್ತಿದ. ಅನುಷ್ಕಾಳ ಫೋಟೋದ ಕೆಳಗೆ 'ತಾಯಿ: ನಳಿನಾಕ್ಷಿ' ಎಂದು ಮೂಡಿತು.

ತಾರಾನಾಥ ದೊಡ್ಡ ರಾಜಿ ಮಾಡಿಸಿದವನ ಹಾಗೆ ನಕ್ಕ. "ನೋಡಿ ಅಕ್ಕ, ನೀವು ಹೇಳುವಷ್ಟು ಕೆಟ್ಟವ ಅಲ್ಲ ಅವ. ಯಾರದ್ದು, ಎಂತದ್ದು ಅಂತ ಒಂದು ಮಾತು ಕೇಳ್ಲಿಲ್ಲ."

"ಹದಿನೆಂಟು ವರ್ಷದಿಂದ್ಲೂ ಕೇಳ್ಲಿಲ್ಲ, ತಾರಾನಾಥಣ್ಣ."