ನೂರ ಎಪ್ಪತ್ತಾರು ಯೂನಿಟ್ಟು

ಮೀಟರ್ ಓದುವ ಪುಟ್ಟಸ್ವಾಮಿ ಬೈಕು ನಿಲ್ಲಿಸುವ ಹೊತ್ತಿಗೆ ಮಹದೇವಸ್ವಾಮಿ ಮೀಟರ್ ಡಬ್ಬಿಯ ಮುಚ್ಚಳ ತೆಗೆದು, ಗಾಜನ್ನು ಟವೆಲಿನಲ್ಲಿ ಒರೆಸಿ, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಒಳಗಿನ ಕೆಂಪು ಚುಕ್ಕೆ ನಿಮಿಷಕ್ಕೊಮ್ಮೆ ಮಿಟುಕುತ್ತಿತ್ತು.

“ಏನ್ ಸಾ, ನನಗಿಂತ ಮೊದ್ಲೇ ಓದ್ಬುಟ್ರಾ?”

“ಓದಿದೀನಿ ಕಣಪ್ಪ. ನನ್ನ ಲೆಕ್ಕಕ್ಕೆ ನೂರ ಎಪ್ಪತ್ನಾಲ್ಕು ಬಂದದೆ. ನೀನೂ ಒಂದ್ಸಲ ಸರಿಯಾಗಿ ನೋಡು.”

ಅವನ ಮನೆಗೆ ಸರ್ಕಾರದ ಉಚಿತ ಕರೆಂಟು ತಿಂಗಳಿಗೆ ನೂರ ಎಪ್ಪತ್ತಾರು ಯೂನಿಟ್ಟು. ಮೀರಿದರೆ ಮೀರಿದಷ್ಟಕ್ಕೆ ದುಡ್ಡು. ಇನ್ನೂರು ದಾಟಿದರೆ ಎಲ್ಲಕ್ಕೂ ದುಡ್ಡು. ಪಾಂಡವಪುರದಿಂದ ಶ್ರೀರಂಗಪಟ್ಟಣದ ಕಚೇರಿಗೂ ಕೆಲಸದ ಮೇಲೆ ಸುತ್ತಲಿನ ಹಳ್ಳಿಗಳಿಗೂ ಓಡಾಡಲು ಕೊಂಡ ಎಲೆಕ್ಟ್ರಿಕ್ ಕಾರೊಂದೇ ನೂರ ನಲವತ್ತು ಕುಡಿಯುತ್ತಿತ್ತು. ಉಳಿದದ್ದರಲ್ಲಿ ಅವನ ಸಂಸಾರ. ಫ್ರಿಜ್ಜು ಆರಿಸಿ ಅದರೊಳಗೆ ಈರುಳ್ಳಿ ಹಾಕಿದ್ದ. ಗೀಸರಿನ ಸ್ವಿಚ್ಚಿಗೆ ಟೇಪು ಅಂಟಿಸಿದ್ದ. ಸಂಜೆ ನಡುಮನೆಯ ದೀಪ ಹಾಕದೆ, ಅಡುಗೆಮನೆಯ ಒಂದೇ ಬಲ್ಬಿನ ಕೆಳಗೆ ನಿಂತು ಊಟ ಮುಗಿಸುತ್ತಿದ್ದ. ಏಪ್ರಿಲ್‌ನಲ್ಲಿ ತಂಗಿ ಬೀರಮ್ಮ ಮೊಮ್ಮಕ್ಕಳನ್ನು ಕರೆತಂದು ಎಂಟು ದಿನ ಇದ್ದಳು. ಫ್ಯಾನು, ಟಿವಿ, ಬಿಸಿನೀರು. ಇನ್ನೂರ ಆರಾಯಿತು. ಆ ಬಿಲ್ಲನ್ನೂ ಕಾರಿನ ಕಂತನ್ನೂ ಒಟ್ಟಿಗೆ ಕಟ್ಟಿದ ದಿನ, ಇನ್ನೊಂದು ತಿಂಗಳು ಹೀಗಾದರೆ ಕಾರು ಮಾರುವುದೇ ಸರಿ ಅಂದುಕೊಂಡಿದ್ದ. ಮೊನ್ನೆ ಬೀರಮ್ಮ ಬರುತ್ತೇನೆಂದು ಫೋನು ಮಾಡಿದಾಗ, “ಮುಂದಿನ ತಿಂಗಳು ನೋಡಾನ ಬುಡವ್ವ” ಎಂದಿದ್ದ. ಯಾಕಣ್ಣ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತಿತ್ತು.

“ನೂರ ಎಪ್ಪತ್ನಾಲ್ಕೇ ಸಾ. ಸೊನ್ನೆ ಬಿಲ್ಲು,” ಪುಟ್ಟಸ್ವಾಮಿ ಯಂತ್ರದ ಗುಂಡಿ ಒತ್ತಿದ. “ಎರಡು ಯೂನಿಟ್ಟು ಉಳಿಸಿದೀರಿ. ಒಂದಿನ ಬಿಸ್ನೀರು ಉಯ್ಕೊಬೋದಿತ್ತು.”

ಮಹದೇವಸ್ವಾಮಿಗೆ ನಗು ಬಂತು. ಹಿಂದೆಯೇ ಹೆದರಿಕೆಯೂ ಬಂತು.

“ಪುಟ್ಟಸ್ವಾಮಿ, ಒಂದು ಕೇಳ್ತೀನಿ. ಎದುರುಮನೆ ಕುಳ್ಳಯ್ಯನ ಮನೇಲಿ ಆರು ಜನ. ಅವರಿಗೆ ತೊಂಬತ್ತೇ ಯೂನಿಟ್ಟು. ನಾನು ಒಬ್ನೇ ಇರೋನು, ನನಗೆ ನೂರ ಎಪ್ಪತ್ತಾರು ಎಂಗೆ? ಎಲ್ಲಾದ್ರೂ ತಪ್ಪಾಗಿದ್ರೆ ಈಗ್ಲೇ ಹೇಳ್ಬುಡು. ಆಮೇಲೆ ಎಲ್ಲಾ ಒಟ್ಗೆ ಕಟ್ಟು ಅಂದ್ರೆ ನನ್ ಕೈಲಾಗಕಿಲ್ಲ.”

“ಅಯ್ಯೋ, ತಪ್ಪೇನಿಲ್ಲ ಸಾ. ಯೋಜನೆ ಬಂದಾಗ, ಅದರ ಹಿಂದಿನ ವರ್ಷ ಯಾರ್ಯಾರು ಎಷ್ಟೆಷ್ಟು ಉರಿಸಿದ್ರೋ ಅದ್ರ ಸರಾಸರಿ ಇಡ್ದವ್ರೆ, ಮೇಲೆ ಹತ್ತು ಪರ್ಸೆಂಟು. ಆ ವರ್ಷ ನಿಮ್ಮನೇಲಿ ಅಕ್ಕೋರು ಬ್ಲೌಸು ಒಲೀತಿರ್ಲಿಲ್ವ? ಮಿಷನ್ನು, ಇಸ್ತ್ರಿ ಪೆಟ್ಟಿಗೆ, ಎರಡು ಟ್ಯೂಬ್‌ಲೈಟು. ನಾನೇ ಓದ್ತಿದ್ದೆ, ತಿಂಗ್ಳಿಗೆ ನೂರ ಅರವತ್ತರ ಆಸುಪಾಸಲ್ಲೇ ಬರ್ತಿತ್ತು.” ಬಿಲ್ಲು ಹರಿದು ಅವನ ಕೈಗಿಟ್ಟ. “ಕೊಟ್ಟಿರೋದು ನಿಮಗಲ್ಲ ಸಾ, ಅಕ್ಕೋರಿಗೆ.”

ಬೈಕು ಕುಳ್ಳಯ್ಯನ ಮನೆಯ ಕಡೆ ತಿರುಗಿತು.

ಊರಲ್ಲಿ ಮದುವೆಗಳು ನಡೆಯುವ ತಿಂಗಳುಗಳಲ್ಲಿ ಹೆಂಡತಿ ಹೇಮಳ ಇಸ್ತ್ರಿ ಪೆಟ್ಟಿಗೆ ಆರುತ್ತಲೇ ಇರಲಿಲ್ಲ. ಇದೇ ಮೀಟರಿನ ಕೆಳಗೆ ನಿಂತು ಅವನು ಒಳಕ್ಕೆ ಕೂಗುತ್ತಿದ್ದ: “ಎಷ್ಟ್ ಉರಿಸ್ತೀಯೆ? ಕರೆಂಟು ನಿಮ್ಮಪ್ಪ ಕೊಡ್ತಾನಾ?” ಅವಳು ಬಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. “ಒಲ್ದಿರೋ ದುಡ್ಡಲ್ಲೇ ಕಟ್ತೀನಿ, ಸುಮ್ಕಿರಿ.” ಕಟ್ಟುತ್ತಲೂ ಇದ್ದಳು. ಅವಳು ತೀರಿಕೊಂಡ ಮರುವರ್ಷ ಅವನು ಕಾರು ಕೊಂಡ. ಅವಳು ಅದರಲ್ಲಿ ಒಂದು ಸಲವೂ ಕೂತವಳಲ್ಲ.

ಕಚೇರಿಗೆ ಹೊತ್ತಾಗುತ್ತಿತ್ತು. ಅವನು ಒಳಗೆ ಹೋಗಿ, ಹೊಲಿಗೆ ಮಿಷನ್ನಿನ ಮೇಲೆ ಹೊದಿಸಿದ್ದ ಹಳೆಯ ಸೀರೆ ಸರಿಸಿ, ಕೆಳಗಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡ. ಸುತ್ತಿಟ್ಟ ವೈರಿನ ಸಂದಿನಲ್ಲಿ ನೀಲಿ ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು, ಅದನ್ನು ತೆಗೆಯಲಿಲ್ಲ. ಪ್ಲಗ್ಗು ಚುಚ್ಚಿ, ಪೆಟ್ಟಿಗೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಹಾಕಿದ. ಇಸ್ತ್ರಿ ಮಾಡಲು ಏನೂ ಇರಲಿಲ್ಲ.

ಹೊರಗೆ ಬಂದು ಮೀಟರಿನ ಕೆಳಗೆ ನಿಂತುಕೊಂಡ. ಕೆಂಪು ಚುಕ್ಕೆ, ಒಳಗೆ ಯಾರೋ ಇದ್ದಾರೆ ಎನ್ನುವ ಹಾಗೆ, ಒಂದೇ ಸಮನೆ ಮಿಟುಕುತ್ತಿತ್ತು.