ಕ್ಯಾಪ್ಟನ್ ಮೀನಾಕ್ಷಮ್ಮ

ಬೆಳ್ಳಿ ಬಣ್ಣದ ಆ ಉಡುಪನ್ನು ಮೀನಾಕ್ಷಮ್ಮ ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದಳು. ಮೈಗೆ ಅಂಟಿಕೊಳ್ಳುವ ಹಾಗೆ ಹೊಲಿದಿದ್ದ ಪ್ಯಾಂಟು, ಅಷ್ಟೇ ಬಿಗಿಯಾದ ಮೇಲಂಗಿ. ಆಮೇಲೆ ನಾಟಕ ಬರೆದಿದ್ದ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದಳು.

"ಬಟ್ಟೆ ಸಿಕ್ತು. ನನ್ನ ಮಾತೆಲ್ಲಿ?" ಎಂದಳು.

ಹಾಲ್ಕುರಿಕೆಯ ಯುವಕ ಸಂಘದವರು ಬೆಟ್ಟಸ್ವಾಮಿಯ ಕಡೆ ಕೈ ತೋರಿಸಿದರು. ನಾಟಕ ಬರೆದವನೂ ನಾಯಕನ ಪಾತ್ರದವನೂ ಅವನೇ, ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವನು. ಊರಿಗೆ ಟಿ.ವಿ. ಬಂದು ಇನ್ನೂ ವರ್ಷವಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬರುತ್ತಿದ್ದ ಆಕಾಶನೌಕೆಯ ಧಾರಾವಾಹಿಗೆ ಮರುಳಾಗಿ, ವರ್ಷವರ್ಷದ ಪೌರಾಣಿಕ ಸಾಕು, ಈ ಸಲ ಇಂಥದೇ ಆಡೋಣವೆಂದು ಅವನು ಹಠ ಹಿಡಿದಿದ್ದ. ಹೆಣ್ಣು ಪಾತ್ರಕ್ಕೆ ತಿಪಟೂರಿನಿಂದ ಮೀನಾಕ್ಷಮ್ಮನನ್ನು ಕರೆಸಿದ್ದರು.

"ಮಾತು ಜಾಸ್ತಿ ಇಲ್ಲ ಮೀನಾಕ್ಷಮ್ಮೋರೇ. ನೀವು ನೌಕೆ ಕ್ಯಾಪ್ಟನ್ನು. ಎರಡು ಡ್ಯಾನ್ಸ್ ಐತೆ. ಕೊನೇಲಿ ರಾಕ್ಷಸ ಎತ್ತಾಕ್ಕಂಡು ಹೋಯ್ತಾನೆ, ನಾನು ಬಂದು ಬುಡುಸ್ಕತೀನಿ" ಎಂದ ಬೆಟ್ಟಸ್ವಾಮಿ.

"ಕ್ಯಾಪ್ಟನ್ನಾದೋಳು ಬಾಯೇ ಬಿಡಲ್ವಾ?"

"ಟೀವೀಲಿ ಬರೋ ಕ್ಯಾಪ್ಟನ್ನಮ್ಮನೂ ಹಂಗೇ. ಜನ ಅವ್ಳನ್ನ ನೋಡಕ್ಕೇ ಕೂರೋದು."

ಮೀನಾಕ್ಷಮ್ಮನಿಗೆ ಮೂವತ್ತೆಂಟು. ಇಪ್ಪತ್ತು ವರ್ಷ ಊರೂರು ತಿರುಗಿ ಪಟ್ಟದ ರಾಣಿಯರ ಪಾತ್ರ ಮಾಡಿದವಳು. ಈಗೀಗ ಎಲ್ಲರೂ ಚಿಕ್ಕ ವಯಸ್ಸಿನವರನ್ನು ಕೇಳುತ್ತಿದ್ದರು. ಆ ವರ್ಷ ಅವಳಿಗೆ ಬಂದಿದ್ದ ಕರೆ ಇದೊಂದೇ. ಆದರೂ ನೋಟ್‌ಬುಕ್ಕು ಮುಚ್ಚಿಟ್ಟು, "ನಾಳೆ ಭಾನುವಾರ ಅಲ್ವಾ? ಅವ್ಳನ್ನ ನಾನೂ ಒಂದ್ಸಲ ನೋಡ್ತೀನಿ. ಆಮೇಲೆ ಹೇಳ್ತೀನಿ" ಎಂದಳು.

ಊರಿನಲ್ಲಿ ಟಿ.ವಿ. ಇದ್ದದ್ದು ಕೊಬ್ಬರಿ ವ್ಯಾಪಾರದ ಸದಾಶಿವಯ್ಯನವರ ಮನೆಯಲ್ಲಿ. ನಾಟಕದವಳು ಬಂದಳೆಂದು ಪಡಸಾಲೆಯಲ್ಲಿದ್ದ ಹೆಂಗಸರು ಒತ್ತಟ್ಟಿಗೆ ಸರಿದರು. ಮನೆಯೊಡತಿ ದ್ರಾಕ್ಷಾಯಣಮ್ಮ ಮಾತ್ರ, "ಇಲ್ಲಿ ಬಾರಮ್ಮ" ಎಂದು ತಮ್ಮ ಚಾಪೆಯಲ್ಲೇ ಜಾಗ ಮಾಡಿಕೊಟ್ಟರು. ನೌಕೆ ಕಾಣಿಸಿತು. ಬಿಗಿ ಉಡುಪಿನ ಹೆಂಗಸು ನಡೆದು ಬಂದಾಗ ಕಿಟಕಿಯಾಚೆ ನಿಂತಿದ್ದ ಗಂಡಸರು ಕಿಸಕ್ಕನೆ ನಕ್ಕರು. ಮಾತೆಲ್ಲ ಹಿಂದಿ. ಮೀನಾಕ್ಷಮ್ಮ ರೆಪ್ಪೆ ಬಡಿಯದೆ ನೋಡಿದಳು. ಹೆಂಗಸು ಚೆಲುವೆಯೇ, ಚೆಲುವನ್ನು ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ. ಆದರೆ ಅವಳು ತಿರುಗಿದರೆ ನೌಕೆಯ ಗಂಡಸರೆಲ್ಲ ತಿರುಗುತ್ತಿದ್ದರು, ಬೆರಳು ತೋರಿಸಿದರೆ ಓಡುತ್ತಿದ್ದರು.

"ನಮ್ಮೆಜಮಾನ್ರು ವಾರವಾರ ಥೂ ಅಂತಾರೆ, ವಾರವಾರ ಬಂದು ಕೂತ್ಕತಾರೆ" ಎಂದು ದ್ರಾಕ್ಷಾಯಣಮ್ಮ ಪಿಸುಗುಟ್ಟಿದರು. "ಅವ್ಳು ಏನಾರ ಉಟ್ಕಳ್ಳಿ ಬುಡು. ಕೂತಿರೋಳು ಅವ್ಳು, ನಿಂತಿರೋರು ಗಂಡುಸ್ರು. ಅದ್ನ ನೋಡಕ್ಕೆ ನಾನು ಒಲೆ ಆರ್ಸಿ ಬತ್ತೀನಿ ಕಣಮ್ಮ."

ಮಧ್ಯಾಹ್ನ ಮೀನಾಕ್ಷಮ್ಮ ಸಂಘದವರು ಸೇರಿದ್ದ ಶಾಲೆಯ ಕೊಠಡಿಗೆ ಬಂದಳು.

"ನೀನು ಸುಳ್ಳು ಹೇಳ್ದೆ ಕಣಪ್ಪ. ಅವ್ಳು ಕೊನೇವರ್ಗೂ ಮಾತಾಡ್ತಾನೇ ಇದ್ಲು."

"ನಿಮ್ಗೆ ಹಿಂದಿ ಬತ್ತದಾ?" ಎಂದ ಬೆಟ್ಟಸ್ವಾಮಿ.

"ಇಲ್ಲ. ಯಾರು ಹೇಳ್ತಾವ್ರೆ, ಯಾರು ಕೇಳ್ತಾವ್ರೆ ಅನ್ನೋದಕ್ಕೆ ಹಿಂದಿ ಬೇಕಾ?"

"ಈ ಬಟ್ಟೆ ಹಾಕ್ಕಳಲ್ಲ ಅಂತ ಸೀದಾ ಹೇಳ್ಬುಡಿ. ತುಮಕೂರಿಂದ ಬೇರೆಯೋರ್ನ ಕರುಸ್ತೀವಿ."

"ಯಾಕೆ ಹಾಕ್ಕಳಲ್ಲ? ಜನ ನೋಡ್ಲಿ ಅಂತ್ಲೇ ಇಪ್ಪತ್ತು ವರ್ಷದಿಂದ ಬಣ್ಣ ಹಚ್ತಿರೋದು. ಕಂಕುಳಲ್ಲಿ ಒಂಚೂರು ಬಿಡ್ಸಿಕೊಡಿ ಸಾಕು, ಉಸಿರು ತಗಳಕ್ಕಾಗಲ್ಲ. ಆದ್ರೆ ನೋಡಕ್ಕೆ ಬಂದೋರಿಗೆ ಕಿವೀನೂ ಇರ್ತವೆ ಕಣಪ್ಪ. ಅವುಕ್ಕೂ ಏನಾರ ಕೊಡು. ಆಗಲ್ಲ ಅಂದ್ರೆ ಮೂರೂವರೆ ಬಸ್ಸಿಗೆ ಹೊರಡ್ತೀನಿ."

ಬೆಟ್ಟಸ್ವಾಮಿ ನೋಟ್‌ಬುಕ್ಕು ತಿರುವುತ್ತ ಕೂತ. ಅವಳು ಚೀಲ ಹೆಗಲಿಗೇರಿಸಿಕೊಂಡಳು. ಆ ಬಸ್ಸು ಹತ್ತಿದರೆ ಈ ವರ್ಷಕ್ಕೆ ಇನ್ನು ಬಣ್ಣವಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ. ಶಾಲೆಯ ಅಂಗಳ ದಾಟಿ ರಸ್ತೆಗೆ ಇಳಿಯುವಷ್ಟರಲ್ಲಿ ಹಿಂದಿನಿಂದ ಬೆಟ್ಟಸ್ವಾಮಿ ನೋಟ್‌ಬುಕ್ಕು ಹಿಡಿದು ಓಡಿ ಬಂದ.

"ತಡೀರಿ ಮೀನಾಕ್ಷಮ್ಮೋರೇ. ಒಂದು ಡ್ಯಾನ್ಸ್ ತೆಗೀತೀನಿ. ಮಾತು ಬರೀತೀನಿ." ಏದುಸಿರು ಬಿಡುತ್ತ ಕೇಳಿದ, "ರಾಕ್ಷಸ ಎತ್ತಾಕ್ಕಂಡು ಹೋಗೋದು?"

"ಬರ್ಲಿ ಅವ್ನು. ನಾನೇ ನೋಡ್ಕಂತೀನಿ."

"ಮತ್ತೆ ನಾನೇನ್ ಮಾಡ್ಲಿ?"

"ನಾನು ಹೇಳ್ದಂಗೆ ಮಾಡು."

ಮುಂದಿನ ಶನಿವಾರ ಮಧ್ಯಾಹ್ನ, ವೇಷ ಹಾಕಿಕೊಂಡು ಮೊದಲ ತಾಲೀಮು. ಉಡುಪಿನ ಸುದ್ದಿ ಹೇಗೋ ಊರೆಲ್ಲ ಹರಡಿ ಕೊಠಡಿಯ ಹೊಸಿಲಿನಾಚೆ ಗಂಡಸರು ಮುತ್ತಿಕೊಂಡಿದ್ದರು. ಮೀನಾಕ್ಷಮ್ಮ ಬಂದು ನಡುಮಧ್ಯೆ ನಿಂತಳು. ಮೇಲೆ ಸೆರಗಿಲ್ಲ, ಶಾಲಿಲ್ಲ. ಎಲ್ಲರಿಗಿಂತ ಮುಂದೆ ನಿಂತಿದ್ದ ಈರಣ್ಣ ಬಾಯಿಗೆ ಬೆರಳಿಟ್ಟು ಉದ್ದಕ್ಕೆ ಒಂದು ಸಿಳ್ಳೆ ಹೊಡೆದ. ಅವಳು ತಲೆ ತಗ್ಗಿಸಲಿಲ್ಲ, ಸಿಟ್ಟೂ ಮಾಡಲಿಲ್ಲ. ಸಿಳ್ಳೆ ಮುಗಿಯುವ ತನಕ ಕಾದಳು. ಆಮೇಲೆ, ಮೈಕಿಲ್ಲದೆ ಸಾವಿರ ಜನಕ್ಕೆ ಮುಟ್ಟಿಸಿ ಪಳಗಿದ್ದ ಗಂಟಲಿನಲ್ಲಿ ತನ್ನ ಮೊದಲ ಮಾತು ಹೇಳಿದಳು:

"ನೌಕೆ ಹೊರಡುವ ಹೊತ್ತಾಯಿತು. ಬಾಗಿಲು ಮುಚ್ಚಿ!"

ಆಳುಗಳ ಪಾತ್ರದವರು ಅಲುಗುವ ಮೊದಲೇ ಈರಣ್ಣ ಶಾಲೆಯ ಬಾಗಿಲನ್ನು ಎರಡೂ ಕೈಯಿಂದ ಎಳೆದು ಮುಚ್ಚಿಬಿಟ್ಟ. ತಾನು ಹೊರಗೆ ಉಳಿದದ್ದು ಅವನಿಗೆ ಆಮೇಲೆ ಗೊತ್ತಾಯಿತು.